ಲೋ ಆ್ಯಂಗಲ್ ಸ್ಪೋಕ್‌ಶೇವ್ ತಗೋಬೇಕಾ? ಮೊದಲು ಮರ ಯಾವುದು, ಬಾಗು ಎಷ್ಟು ನೋಡಿ

ಪ್ರಶ್ನೆ: ನಾನು ಹೊಸನಗರದ ಕಡೆಯವನು. ತೋಟದ ಕೆಲಸ ಮುಗಿದ ಮೇಲೆ ಕೊಟ್ಟಿಗೆ ಪಕ್ಕದ ಮಾಡಿನಲ್ಲಿ ಮರಗೆಲಸ ಮಾಡುತ್ತೇನೆ, ಎಲ್ಲ ಕೈ ಉಪಕರಣದಲ್ಲೇ. ಚಿಪ್ಪಿನ ಸೌಟಿನ ಹಿಡಿ, ಗುದ್ದಲಿ ಕಾವು ಮಾಡಿ ಕೈ ಪಳಗಿದೆ. ಈಗ ಒಣಗಿದ ಹಲಸಿನಲ್ಲಿ ಆರಾಮ ಕುರ್ಚಿ ಮಾಡುತ್ತಿದ್ದೇನೆ. 600 ರೂಪಾಯಿಗೆ ಒಂದು ಕಬ್ಬಿಣದ ಸ್ಪೋಕ್‌ಶೇವ್ (ಎರಡು ಕೈಯಲ್ಲಿ ಹಿಡಿದು ಬಾಗಿದ ಮರ ಹೆರೆಯುವ ಸಣ್ಣ ಹತ್ತರಿಯಂಥದ್ದು) ತರಿಸಿದ್ದೆ. ಅದು ಕಟಕಟ ಅಂತ ಕುಣಿಯುತ್ತದೆ, ಕುರ್ಚಿ ಕೈಯ ಒಳಬಾಗಿನಲ್ಲಿ ಮರ ಕಿತ್ತು ಬರುತ್ತದೆ, ತುದಿಯ ಅಡ್ಡಮುಖ, ಅಂದರೆ ಎಳೆಗೆ ಅಡ್ಡವಾಗಿ ಕೊಯ್ದ ಮುಖ, ಜಜ್ಜಿದ ಹಾಗೆ ಆಗುತ್ತದೆ. ಒಂದು ಕೈ ಹೀಗೇ ಹೇಗೋ ಮುಗಿಸಿದೆ, ಇನ್ನೊಂದು ಬಾಕಿ ಇದೆ. ಲೋ ಆ್ಯಂಗಲ್, ಅಂದರೆ ಅಲಗು ಮಲಗಿದ ಹಾಗೆ ಇರುವ ಶೇವ್ ತಗೊಂಡರೆ ಎಲ್ಲ ಸರಿಹೋಗುತ್ತೆ ಅಂತ ಒಬ್ಬರು ಹೇಳಿದರು. ನಿಜವಾ ಸಾರ್? ತಗೊಳ್ಳೋದಾದರೆ ಎಂಥದ್ದು, ಬಳಸೋದು ಹೇಗೆ?

ಉತ್ತರ: ನೀವು ಹೇಳಿದ ಮೂರು ತೊಂದರೆಗಳಲ್ಲಿ ಲೋ ಆ್ಯಂಗಲ್ ಖಂಡಿತ ಸರಿ ಮಾಡುವುದು ಒಂದನ್ನೇ, ತುದಿಯ ಅಡ್ಡಮುಖವನ್ನು. ಕುಣಿಯುವುದು ನಿಮ್ಮ ಕೈಯಲ್ಲಿರುವ ಉಪಕರಣದ ದೋಷ, ಅದನ್ನು ಒಂದು ಮಧ್ಯಾಹ್ನದಲ್ಲಿ ನೀವೇ ತೆಗೆಯಬಹುದು. ಇನ್ನು ಒಳಬಾಗಿನಲ್ಲಿ ಕಿತ್ತು ಬರುತ್ತದೆ ಅಂದಿರಲ್ಲ, ಅಲ್ಲಿಗೆ ಲೋ ಆ್ಯಂಗಲ್ ತಂದರೆ ಕಿತ್ತು ಬರುವುದು ಇನ್ನೂ ಜಾಸ್ತಿ ಆಗಬಹುದು. ಹಾಗಾಗಿ ದುಡ್ಡು ಕೊಡುವ ಮೊದಲು ಇದನ್ನು ಪೂರ್ತಿ ಓದಿ.

ನಿಮ್ಮಲ್ಲಿರುವುದು ನಿಂತ ಅಲಗಿನ ಶೇವ್. ಹತ್ತರಿಯಲ್ಲಿ ಇದ್ದ ಹಾಗೇ ಅಲಗು ಸುಮಾರು 45 ಡಿಗ್ರಿಯಲ್ಲಿ ಕೂತಿರುತ್ತದೆ, ಮಸೆದ ಓರೆಮುಖ ಕೆಳಗೆ. ಅಮೆರಿಕದ ಲಿಯೊನಾರ್ಡ್ ಬೇಯ್ಲಿ ಎರಕದ ಕಬ್ಬಿಣದಲ್ಲಿ ಇಂಥದ್ದನ್ನು ಮಾಡಿ ಮಾರುತ್ತಿದ್ದ, 1869ರಲ್ಲಿ ಸ್ಟಾನ್ಲಿ ಕಂಪನಿ ಅವನ ವ್ಯವಹಾರ ಕೊಂಡುಕೊಂಡಿತು. ಸ್ಟಾನ್ಲಿ 151 ಅಂತ ಒಂದು ಮಾದರಿ ಇದೆ, ಅಲಗು ಏರಿಸಿ ಇಳಿಸುವುದಕ್ಕೆ ಎರಡು ತಿರುಪು ಇರುವುದು. ಈಗ ಅಗ್ಗಕ್ಕೆ ಸಿಗುವ ಬಹುಪಾಲು ಶೇವ್‌ಗಳು ಅದರದ್ದೇ ನಕಲು, ನಿಮ್ಮದೂ ಅದೇ ಇರಬೇಕು.

ಲೋ ಆ್ಯಂಗಲ್ ಅನ್ನುವುದು ಹೊಸದೇನಲ್ಲ, ಕಬ್ಬಿಣದ್ದಕ್ಕಿಂತ ಹಳೆಯದು. ಇಂಗ್ಲೆಂಡಿನ ಗಾಡಿ ಮಾಡುವವರು ಚಕ್ರದ ಅರೆಕಾಲು (ಸ್ಪೋಕ್) ಹೆರೆಯುತ್ತಿದ್ದ ಮರದ ಶೇವ್ ಇದೇ, ಹೆಸರು ಬಂದಿದ್ದೂ ಹಾಗೇ. ಇದರಲ್ಲಿ ಅಲಗು ಅಂಗಾತ ಮಲಗಿರುತ್ತದೆ, ಓರೆಮುಖ ಮೇಲೆ. ನೀವು ಎಷ್ಟು ಡಿಗ್ರಿಗೆ ಮಸೆದಿರುತ್ತೀರೋ ಹೆಚ್ಚು ಕಡಿಮೆ ಅಷ್ಟೇ ಕೋನದಲ್ಲಿ ಮರ ಕೊಯ್ಯುತ್ತದೆ, ಅಂದರೆ 25, 30 ಡಿಗ್ರಿ.

ಈ ವ್ಯತ್ಯಾಸದಿಂದ ಮರಕ್ಕೆ ಏನಾಗುತ್ತದೆ? ಸೌದೆ ಒಡೆದಿದ್ದೀರಲ್ಲ. ನೇರ ಎಳೆಯ ದಿಮ್ಮಿಗೆ ಕೊಡಲಿ ಒಮ್ಮೆ ಕಚ್ಚಿದರೆ ಸಾಕು, ಸೀಳು ಕೊಡಲಿಗಿಂತ ಮುಂದೆ ತಾನೇ ಓಡುತ್ತದೆ. ಮಲಗಿದ ಅಲಗೂ ಹಾಗೇ, ಎಳೆಯ ಜೊತೆ ಹೋಗುವಾಗ ಬೆಣ್ಣೆ ಕೊಯ್ದ ಹಾಗೆ ಹೋಗುತ್ತದೆ, ಕೈಗೆ ಭಾರವೇ ಗೊತ್ತಾಗುವುದಿಲ್ಲ. ಆದರೆ ಎಳೆ ತಿರುಗಿ ಎದುರಾಯಿತು ಅಂದರೆ ಅದೇ ಸೀಳು ಅಲಗಿಗಿಂತ ಮುಂದೆ, ಮರದ ಒಳಕ್ಕೆ ಓಡುತ್ತದೆ. ಸಿಬಿರು ಎದ್ದು ಬರುತ್ತದೆ. ನಿಂತ ಅಲಗಿನಲ್ಲಿ ತಳ್ಳುವುದು ಕಷ್ಟ, ಆದರೆ ಅದು ಸಿಪ್ಪೆಯನ್ನು ಎಬ್ಬಿಸಿದ ಕೂಡಲೇ ಮಡಚಿ ಮುರಿಯುತ್ತದೆ, ಹಾಗಾಗಿ ಸೀಳು ದೂರ ಓಡುವುದಿಲ್ಲ. ಅಡ್ಡಮುಖದ ಲೆಕ್ಕ ಬೇರೆ. ಅಲ್ಲಿ ಎಳೆಗಳ ಬಾಯಿ ಮೇಲಕ್ಕಿರುತ್ತದೆ, ನಿಂತ ಅಲಗು ಅವನ್ನು ಒತ್ತಿ ಬಗ್ಗಿಸುತ್ತದೆ, ಮಲಗಿದ ಅಲಗು ಬುಡದಲ್ಲಿ ಕೊಯ್ಯುತ್ತದೆ. ನಿಮ್ಮ ಕುರ್ಚಿ ಕೈ ತುದಿ ಜಜ್ಜಿದ ಹಾಗೆ ಕಾಣುವುದು ಇದಕ್ಕೇ. ಅಲಗು ಮೊಂಡಾಗಿದ್ದರೂ ಹಾಗೇ ಆಗುತ್ತದೆ, ಅದನ್ನೂ ನೋಡಿಕೊಳ್ಳಿ.

ಮೊದಲು ಇರುವುದನ್ನು ಸರಿ ಮಾಡಿ. ಅಲಗು ಬಿಚ್ಚಿ, ಅದು ಕೂರುವ ಜಾಗ ನೋಡಿ. ಅಗ್ಗದ ಶೇವ್‌ನಲ್ಲಿ ಅಲ್ಲಿ ದಪ್ಪಗೆ ಬಣ್ಣ ಹೊಡೆದಿರುತ್ತಾರೆ, ಎರಕದ ಉಬ್ಬು ತಗ್ಗು ಹಾಗೇ ಬಿಟ್ಟಿರುತ್ತಾರೆ, ಅಲಗು ಎರಡೋ ಮೂರೋ ಚುಕ್ಕಿಯ ಮೇಲೆ ಮಾತ್ರ ಕೂತಿರುತ್ತದೆ. ಮತ್ತೆ ಕುಣಿಯದೆ ಇರುತ್ತದಾ? ಸಣ್ಣ ಚಪ್ಪಟೆ ಅರ ತಗೊಂಡು ಬಣ್ಣ ಪೂರ್ತಿ ತೆಗೆದು ಸಮ ಮಾಡಿ. ಕಪ್ಪು ಮಾರ್ಕರ್ ಬಳಿದು ಅಲಗು ಇಟ್ಟು ಒಂದೆರಡು ಸಲ ಉಜ್ಜಿದರೆ ಉಬ್ಬು ಎಲ್ಲಿದೆ ಅಂತ ಕಾಣುತ್ತದೆ. ಮೇಲಿಂದ ಒತ್ತಿ ಹಿಡಿಯುವ ಪಟ್ಟಿಯ ಮುಂದಿನ ಅಂಚು ಅಲಗಿಗೆ ಉದ್ದಕ್ಕೂ ತಾಗಬೇಕು, ನಡುವೆ ಬೆಳಕು ಕಾಣಬಾರದು. ತಳವನ್ನೂ ಗಾಜಿನ ಮೇಲೆ ಸ್ಯಾಂಡ್ ಪೇಪರ್ ಇಟ್ಟು ಸಮ ಮಾಡಿ. ಆಮೇಲೆ ಅಲಗು ಮಸೆಯಿರಿ, ಅದನ್ನು ಮುಂದೆ ಹೇಳುತ್ತೇನೆ. ಇಷ್ಟು ಮಾಡಿದರೆ 600 ರೂಪಾಯಿಯದ್ದೇ ತೆಳ್ಳಗೆ ಸುರುಳಿ ತೆಗೆಯುತ್ತದೆ, ನಾನು ಇಂಥವನ್ನು ಸರಿ ಮಾಡಿ ಕೆಲಸಕ್ಕೆ ಹಚ್ಚಿದ್ದೇನೆ, ಧೈರ್ಯವಾಗಿ ಹೇಳುತ್ತೇನೆ.

ಇದೆಲ್ಲ ಆದ ಮೇಲೂ ಲೋ ಆ್ಯಂಗಲ್ ಬೇಕಾ ಅನ್ನುವುದನ್ನು ನಿಮ್ಮ ಮರ ಹೇಳುತ್ತದೆ. ನಮ್ಮ ಕಡೆ ಕೈಗೆ ಸಿಗುವ ಮರಗಳನ್ನು ನೋಡೋಣ. ಸೌಟಿನ ಹಿಡಿಗೆ, ಕಡೆಗೋಲಿಗೆ, ಕಾವಿಗೆ ಹಸಿ ಕೊಂಬೆ ತಂದು ಸೀಳಿ ಕೆತ್ತುತ್ತೀರಿ ಅಂದರೆ ಮಲಗಿದ ಅಲಗಿನಷ್ಟು ಸುಖ ಬೇರೆ ಯಾವುದರಲ್ಲೂ ಇಲ್ಲ. ಗರಗಸದಲ್ಲಿ ಕೊಯ್ದಿದ್ದಲ್ಲ, ಸೀಳಿದ್ದು ಅಂತ ಒತ್ತಿ ಹೇಳುತ್ತೇನೆ, ಸೀಳಿದ ತುಂಡಿನಲ್ಲಿ ಎಳೆ ತುದಿಯಿಂದ ತುದಿಗೆ ಒಂದೇ ಸಮ ಹೋಗಿರುತ್ತದೆ, ಕಾವು ಗಟ್ಟಿ ಬರುತ್ತದೆ, ಶೇವ್‌ಗೂ ಎದುರು ಎಳೆ ಸಿಗುವುದಿಲ್ಲ. ಎಸ್ಟೇಟಿನ ಸಿಲ್ವರ್ ಓಕ್, ನೇರ ಎಳೆಯ ಸಾಗುವಾನಿ ಎರಡೂ ಬಗೆಯ ಶೇವ್‌ಗೆ ಚೆನ್ನ. ಸಾಗುವಾನಿಯಲ್ಲಿ ಮರಳಿನಂಥ ಸಿಲಿಕಾ ಇರುತ್ತದೆ, ಅಲಗು ಬೇಗ ಮೊಂಡಾಗುತ್ತದೆ, ಮಸೆಯುವುದಕ್ಕೆ ಬೇಜಾರು ಮಾಡಬೇಡಿ.

ಹೊನ್ನೆ, ಬೀಟೆ, ಮತ್ತಿ ಇವುಗಳಲ್ಲಿ ಎಳೆ ಒಂದು ಪದರ ಈ ಕಡೆ, ಇನ್ನೊಂದು ಪದರ ಆ ಕಡೆ ಹೆಣೆದುಕೊಂಡಿರುತ್ತದೆ. ಯಾವ ದಿಕ್ಕಿನಿಂದ ಹೋದರೂ ಅರ್ಧ ಮರ ನಿಮಗೆ ಎದುರೇ. ಅಲ್ಲಿ ನಿಂತ ಅಲಗೇ ಸರಿ, ಅದೂ ಕೂದಲೆಳೆಯಷ್ಟು ತೆಳ್ಳಗೆ. ಹಲಸು ಇವೆರಡರ ನಡುವಿನದು. ಒಂದು ಹಲಗೆ ನೇರ ಇರುತ್ತದೆ, ಅದೇ ಮರದ ಇನ್ನೊಂದು ಹಲಗೆ ಹೆಣೆದಿರುತ್ತದೆ. ನಿಮ್ಮದು ಹೇಗಿದೆ ಅಂತ ನೋಡುವುದು ಸುಲಭ: ಕುರ್ಚಿ ಕೈಗೆ ಕೊಯ್ದ ಹಲಗೆಯಿಂದ ಉಳಿದ ತುಂಡನ್ನು ಉಳಿಯಿಂದ ಸೀಳಿ. ಸೀಳಿದ ಮುಖ ನುಣ್ಣಗೆ ಬಂದರೆ ನೇರ, ಹಲ್ಲು ಹಲ್ಲಾಗಿ ಒಂದಕ್ಕೊಂದು ಕಚ್ಚಿಕೊಂಡು ಬಂದರೆ ಹೆಣೆದಿದೆ ಅಂತ ಅರ್ಥ. ಮೊದಲನೆಯದಾದರೆ ಲೋ ಆ್ಯಂಗಲ್ ಹೊರಬಾಗಿಗೆ ಚೆನ್ನಾಗಿ ಬರುತ್ತದೆ. ಎರಡನೆಯದಾದರೆ ಅಡ್ಡಮುಖಕ್ಕೆ ಬಿಟ್ಟು ಬೇರೆಲ್ಲೂ ಬೇಡ.

ಅಡಿಕೆ ದಬ್ಬೆಯನ್ನೂ ಶೇವ್ ಮಾಡಬಹುದು. ಆದರೆ ಅದರ ನಾರು ಸೂಜಿಯ ಹಾಗೆ ಎದ್ದು ಕೈಗೆ ಹೊಕ್ಕುತ್ತದೆ, ಯಾವಾಗಲೂ ಒಂದೇ ದಿಕ್ಕಿಗೆ ಹೋಗಿ, ಹೆರೆದ ಮೇಲೆ ಬರಿಗೈಯಲ್ಲಿ ಸವರಿ ನೋಡಬೇಡಿ.

ಈಗ ಬಾಗು. ಮಲಗಿದ ಅಲಗಿನ ಶೇವ್‌ನಲ್ಲಿ ಬಾಯಿಯ (ಸಿಪ್ಪೆ ಹೊರಬರುವ ಸಂದಿಯ) ಮುಂದೆ ಒಂದು ಸಣ್ಣ ಪಟ್ಟಿ ತಳ ಇರುತ್ತದೆ, ಹಿಂದೆ ಅಲಗಿನ ಬೆನ್ನೇ ತಳ. ಈ ಬೆನ್ನು ಚಪ್ಪಟೆ. ಸೈಕಲ್ ಚಕ್ರದಷ್ಟು ದೊಡ್ಡ ಒಳಬಾಗು ಇದ್ದರೆ ಹೇಗೋ ಇಳಿಯುತ್ತದೆ. ಊಟದ ತಟ್ಟೆಯಷ್ಟು ಬಿಗಿ ಬಾಗು ಆದರೆ ಅಲಗಿನ ಹಿಂಬದಿ ಮರಕ್ಕೆ ತಾಗಿ ಅಂಚನ್ನು ಎತ್ತಿಬಿಡುತ್ತದೆ, ಕೊಯ್ಯುವುದೇ ಇಲ್ಲ. ನೀವು ಒತ್ತುತ್ತೀರಿ, ಅದು ಜಾರುತ್ತದೆ, ಒಮ್ಮೆಲೇ ಕಚ್ಚಿ ಒಂದು ತುಂಡು ಕಿತ್ತುಕೊಂಡು ಹೋಗುತ್ತದೆ. ಅಂಥ ಜಾಗಕ್ಕೆ ಬೇಕಾಗಿರುವುದು ಗುಂಡು ತಳದ, ನಿಂತ ಅಲಗಿನ ಶೇವ್. ನಿಮಗೆ ಎರಡನೆಯ ಶೇವ್ ಒಂದೇ ಕೊಳ್ಳುವ ಅವಕಾಶ ಇದ್ದರೆ, ಕುರ್ಚಿಯ ಕೆಲಸಕ್ಕೆ ನಾನು ಹೇಳುವುದು ಈ ಗುಂಡು ತಳದ್ದನ್ನು. ಲೋ ಆ್ಯಂಗಲ್ ಮೂರನೆಯದಾಗಿ ಬರಲಿ. ಸೌಟು, ಕಾವು, ಕಡೆಗೋಲೇ ಜಾಸ್ತಿ ಮಾಡುತ್ತೀರಿ ಅಂದರೆ ಅದನ್ನೇ ಮೊದಲು ತನ್ನಿ.

ತರುವಾಗ ಎಂಥದ್ದು ಅಂತ ಕೇಳಿದಿರಿ. ಹಳೆಯ ಮಾದರಿಯಲ್ಲಿ ಅಲಗಿನ ಎರಡು ತುದಿ ಕೊಂಬಿನ ಹಾಗೆ ಮೇಲಕ್ಕೆ ಬಾಗಿ ಮರದ ತೂತಿನಲ್ಲಿ ಬರೀ ಬಿಗಿಯಿಂದ ನಿಂತಿರುತ್ತವೆ, ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಏರಿಸಬೇಕು, ಇಳಿಸಬೇಕು. ನೋಡುವುದಕ್ಕೆ ಚಂದ. ನಮ್ಮ ಮಲೆನಾಡಿಗೆ ಮಾತ್ರ ಇದು ಕಷ್ಟ ಕೊಡುತ್ತದೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ನಿಮ್ಮಲ್ಲೂ ಏನು ಕಡಿಮೆ ಇಲ್ಲ. ಆಷಾಢದಲ್ಲಿ ಮರ ಉಬ್ಬಿ ಕೊಂಬು ಅಲ್ಲಾಡದ ಹಾಗೆ ಕಚ್ಚಿಕೊಳ್ಳುತ್ತದೆ, ಬೇಸಿಗೆಯಲ್ಲಿ ಒಣಗಿ ಸಡಿಲವಾಗಿ ಕೆಲಸದ ನಡುವೆ ಅಲಗು ಜಾರುತ್ತದೆ. ನನ್ನದೊಂದು ಹೀಗೇ ಏಪ್ರಿಲ್‌ನಲ್ಲಿ ಜಾರಿ, ಮುಗಿಯಲಿಕ್ಕೆ ಬಂದಿದ್ದ ತೊಟ್ಟಿಲ ಕಂಬದಲ್ಲಿ ಆಳವಾಗಿ ಕಚ್ಚಿತು, ಆ ಕಂಬವನ್ನು ಬೇರೆಯೇ ಮಾಡಬೇಕಾಯಿತು. ಅದಕ್ಕೇ ತಿರುಪಿನಲ್ಲಿ ಏರಿಸಿ ಇಳಿಸುವಂಥದ್ದನ್ನೇ ತಗೊಳ್ಳಿ. ಕೆನಡಾದ ಲೀ ವ್ಯಾಲಿಯವರು ವೆರಿಟಾಸ್ ಹೆಸರಲ್ಲಿ ಇಂಥದ್ದು ಮಾಡುತ್ತಾರೆ, ಅಲಗು, ತಿರುಪು ಮುಂತಾದ ಲೋಹದ ಭಾಗ ಇರುವ ಕಿಟ್ ಕೂಡ ಕೊಡುತ್ತಾರೆ, ಮೈಯನ್ನು ನಾವೇ ಮರದಲ್ಲಿ ಮಾಡಿಕೊಳ್ಳುವುದು. ನಿಮ್ಮ ಕೈಕೆಲಸ ನೋಡಿದರೆ ಕಿಟ್ ಸಾಕು ಅನ್ನಿಸುತ್ತದೆ. ಹಳೆಯ ಕೊಂಬಿನದ್ದೇ ಸಿಕ್ಕಿತು ಅಂತಾದರೆ ಬಿಡಬೇಡಿ, ಸಡಿಲವಾದಾಗ ತೂತಿನೊಳಗೆ ಒಂದು ಚೂರು ಕಾಗದ ಮಡಚಿ ಇಟ್ಟರೆ ಬೇಸಿಗೆ ಕಳೆಯುತ್ತದೆ.

ಮೈ ಮಾಡುವಾಗ ಬಾಯಿಯ ಮುಂದಿನ ಪಟ್ಟಿ ಗಟ್ಟಿ ಇರಬೇಕು. ಸಿಪ್ಪೆಯೆಲ್ಲ ಉಜ್ಜಿಕೊಂಡು ಹೋಗುವುದು ಅಲ್ಲೇ, ಮೆದು ಮರವಾದರೆ ಬೇಗ ಸವೆದು ಬಾಯಿ ಅಗಲವಾಗುತ್ತದೆ. ಹಿತ್ತಾಳೆ ಪಟ್ಟಿ ಕೂರಿಸುತ್ತಾರೆ, ಒಂದು ಚೂರು ಬೀಟೆ ಇದ್ದರೂ ನಡೆಯುತ್ತದೆ. ಬಾಯಿ ಎಷ್ಟಿರಬೇಕು? ಕೊನೆಯ ನುಣುಪಿಗೆ ಅಂಚೆ ಕಾರ್ಡಿನಷ್ಟು, ಹಸಿ ಮರ ಜಾಸ್ತಿ ತೆಗೆಯುವುದಕ್ಕೆ ಅದರ ಎರಡು ಮೂರು ಪಟ್ಟು. ಮೊದಲು ಇಕ್ಕಟ್ಟು ಮಾಡಿ, ಅಗಲ ಮಾಡುವುದು ಯಾವಾಗ ಬೇಕಾದರೂ ಆಗುತ್ತದೆ.

ಬಳಸುವುದಕ್ಕೆ ಬರೋಣ. ಅಲಗನ್ನು ಒಂದು ಕಡೆ ಸ್ವಲ್ಪ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇಳಿಸಿ ಓರೆಯಾಗಿ ಕೂರಿಸಿ. ಬಲಗಡೆ ದಪ್ಪ ತೆಗೆಯುತ್ತದೆ, ಎಡಗಡೆ ತೆಳ್ಳಗೆ, ನಡುವೆ ನಡುವಿನದು. ಕೆಲಸ ಮಾಡುತ್ತಾ ಶೇವ್ ಅನ್ನು ಅತ್ತಿತ್ತ ಸರಿಸಿದರೆ ಆಯಿತು, ಪದೇ ಪದೇ ತಿರುಪು ತಿರುಗಿಸಬೇಕಾಗಿಲ್ಲ. ಹಿಡಿಯ ತುದಿ ಹಿಡಿಯಬೇಡಿ. ಅಲಗಿಗೆ ಹತ್ತಿರ ಹಿಡಿದು, ಹೆಬ್ಬೆರಳು ಹಿಂದೆ, ತೋರುಬೆರಳು ಮುಂದೆ ತಳದ ಮೇಲುಗಡೆ ಒತ್ತಿ. ಬಾಯಿಯ ಮುಂದಿನ ಪಟ್ಟಿಯನ್ನು ಮರಕ್ಕೆ ತಾಗಿಸಿ, ಶೇವ್ ಅನ್ನು ಮುಂದಕ್ಕೆ ಬಗ್ಗಿಸಿ, ಕೊಯ್ಯದ ಹಾಗೆ ಶುರು ಮಾಡಿ. ತಳ್ಳುತ್ತಾ ಮಣಿಕಟ್ಟನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ಒಂದು ಹಂತಕ್ಕೆ ಬಂದಾಗ ಅಂಚು ಕಚ್ಚುತ್ತದೆ, ಅಲ್ಲೇ ನಿಲ್ಲಿಸಿಕೊಂಡು ಮುಂದೆ ಹೋಗಿ. ಇದು ಓದಿ ಬರುವುದಲ್ಲ, ಒಂದು ಹಸಿ ಕೊಂಬೆ ಪೂರ್ತಿ ಹೆರೆದು ಮುಗಿಸುವ ಹೊತ್ತಿಗೆ ಕೈಗೆ ಹತ್ತುತ್ತದೆ. ಶೇವ್ ಅನ್ನು ದಾರಿಗೆ ಸ್ವಲ್ಪ ಓರೆ ಹಿಡಿದರೆ ಇನ್ನೂ ಸಲೀಸು.

ದಿಕ್ಕಿನ ವಿಷಯ ಎಲ್ಲಕ್ಕಿಂತ ದೊಡ್ಡದು. ಮರದ ಮೇಲೆ ನೀರು ಸುರಿದರೆ ಯಾವ ಕಡೆ ಇಳಿಯುತ್ತದೋ ಆ ಕಡೆ ಶೇವ್ ಹೋಗಬೇಕು. ಹೊರಬಾಗು ಅಂದರೆ ಗುಡ್ಡ, ನೆತ್ತಿಯಿಂದ ಎರಡೂ ಕಡೆ ಇಳಿಯಿರಿ. ಒಳಬಾಗು ಅಂದರೆ ಎರಡು ಗುಡ್ಡದ ನಡುವಿನ ಹಳ್ಳ, ಈ ಕಡೆಯಿಂದ ಹಳ್ಳದವರೆಗೆ, ಆ ಕಡೆಯಿಂದ ಹಳ್ಳದವರೆಗೆ. ಹಳ್ಳ ದಾಟಿ ಮೇಲಕ್ಕೆ ಒಂದು ಬೆರಳು ಹೋದರೂ ಎಳೆ ಎದುರಾಗಿ ಕಿತ್ತು ಬರುತ್ತದೆ. ನೀವು ಒಂದೇ ಕಡೆಯಿಂದ ಕೊನೆವರೆಗೂ ತಳ್ಳಿರುತ್ತೀರಿ, ನನಗೆ ಹಾಗನ್ನಿಸುತ್ತದೆ. ಮರವನ್ನು ತಿರುಗಿಸಿ ವೈಸಿಗೆ ಕಟ್ಟುವುದು ಬೇಜಾರಾದರೆ ಶೇವ್ ಅನ್ನು ತಿರುಗಿಸಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಎರಡೂ ನಡೆಯುತ್ತದೆ. ಹಳ್ಳದ ತಳದಲ್ಲಿ ಎರಡು ದಾರಿ ಕೂಡುವ ಜಾಗದಲ್ಲಿ ಸಣ್ಣ ಗೆರೆ ಉಳಿಯುತ್ತದೆ, ಅದನ್ನು ಗಾಜಿನ ಚೂರಿನಿಂದ ಕೆರೆದು ತೆಗೆಯಿರಿ. ಕತ್ತಿ ಹಿಡಿ ನುಣ್ಣಗೆ ಮಾಡುವುದಕ್ಕೆ ನಮ್ಮಲ್ಲಿ ಹಿಂದಿನಿಂದ ಬಂದ ಉಪಾಯ ಅದು, ಹೆಣೆದ ಎಳೆಗೆ ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಕೈಗೆ ಬಟ್ಟೆ ಸುತ್ತಿಕೊಳ್ಳಿ, ಅಷ್ಟೆ.

ಹಸಿ ಹಲಸು ಕೆತ್ತುವ ಆಸೆ ಇದ್ದರೆ ಮೇಣ ನೆನಪಿರಲಿ. ಹಣ್ಣು ಕೊಯ್ಯುವಾಗ ಕತ್ತಿಗೆ ತೆಂಗಿನೆಣ್ಣೆ ಸವರುತ್ತೇವಲ್ಲ, ತಳಕ್ಕೂ ಅಲಗಿಗೂ ಹಾಗೇ ಸವರಿ. ಒಣ ಮರಕ್ಕೆ, ಅದರಲ್ಲೂ ಆಮೇಲೆ ಗೋಂದು ಹಾಕುವ ಕಡೆಗೆ ಎಣ್ಣೆ ಬೇಡ, ತಳಕ್ಕೆ ಮೇಣದ ಬತ್ತಿ ಒಂದು ಗೆರೆ ಎಳೆದರೆ ಸಾಕು.

ಮಸೆಯುವುದಕ್ಕೆ ದುಬಾರಿ ಕಲ್ಲು ಬೇಕಾಗಿಲ್ಲ. ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೊಯ್ಯುವ ಅಂಗಡಿಯಲ್ಲಿ ಒಂದು ಉಳಿದ ತುಂಡು ಕೇಳಿ ತನ್ನಿ, ಅದರ ಮೇಲೆ 400, 800, 2000 ನಂಬರಿನ ವಾಟರ್ ಪೇಪರ್ ಅಂಟಿಸಿ. ನಿಂತ ಅಲಗು ಗಿಡ್ಡ, ಬೆರಳಲ್ಲಿ ನಿಲ್ಲುವುದಿಲ್ಲ. ಒಂದು ಮರದ ತುಂಡಿಗೆ ಗರಗಸದಲ್ಲಿ ಸೀಳು ಹಾಕಿ ಅದರಲ್ಲಿ ಅಲಗನ್ನು ಸಿಕ್ಕಿಸಿಕೊಂಡು ಮಸೆಯಿರಿ. ಓರೆಮುಖ 25 ಡಿಗ್ರಿ, ತುದಿ ಅಂಚು ಮಾತ್ರ 30.

ಮಲಗಿದ ಅಲಗಿನಲ್ಲಿ ಎರಡು ವಿಷಯ ಬೇರೆ. ಒಂದು, ಕೊಂಬು ಅಡ್ಡ ಬರುವ ಅಲಗಾದರೆ ಅಲಗನ್ನು ಕಲ್ಲಿನ ಮೇಲೆ ಇಡಲಿಕ್ಕೆ ಆಗುವುದಿಲ್ಲ, ಅಲಗನ್ನು ವೈಸಿಗೆ ಕಚ್ಚಿಸಿ, ಚಪ್ಪಟೆ ಕಡ್ಡಿಗೆ ವಾಟರ್ ಪೇಪರ್ ಅಂಟಿಸಿ ಕಡ್ಡಿಯನ್ನೇ ಅಲಗಿನ ಮೇಲೆ ಆಡಿಸಬೇಕು. ಎರಡು, ಬೆನ್ನನ್ನು ಯಾವ ಕಾರಣಕ್ಕೂ ಎತ್ತಿ ಮಸೆಯಬೇಡಿ. ಆ ಬೆನ್ನು ಮರದ ಮೇಲೇ ಮಲಗಿ ಹೋಗುವುದು, ಅಂಚಿನ ಹತ್ತಿರ ಒಂದು ಚೂರು ಗುಂಡಾದರೂ ಅಂಚು ಮರದಿಂದ ಮೇಲೆದ್ದು ಬಿಡುತ್ತದೆ. ಅಲಗು ಹರಿತ ಇದೆ, ಕೂದಲು ಕೊಯ್ಯುತ್ತದೆ, ಆದರೂ ಮರದ ಮೇಲೆ ಸುಮ್ನೆ ಜಾರುತ್ತದೆ ಅಂತ ಜನ ತಲೆ ಕೆಡಿಸಿಕೊಳ್ಳುವುದು ಇದರಿಂದಲೇ.

ಓರೆಮುಖ ಮೇಲಿರುವುದರಿಂದ ಒಂದು ಅನುಕೂಲವೂ ಇದೆ. ಅಂಚನ್ನು 25ರ ಬದಲು 40 ಡಿಗ್ರಿಗೆ ಮಸೆದರೆ ಕೊಯ್ಯುವ ಕೋನವೂ 40ಕ್ಕೆ ಏರುತ್ತದೆ. ನಿಂತ ಅಲಗಿನಲ್ಲಿ ಎಷ್ಟಕ್ಕೆ ಮಸೆದರೂ ಅದು 45ರಲ್ಲೇ ಕೊಯ್ಯುವುದು. ಹಾಗಾಗಿ ಇನ್ನೊಂದು ಅಲಗು ಸಿಕ್ಕರೆ ಹಸಿ ಮರಕ್ಕೆ ಒಂದು, ಹಠಮಾರಿ ಹಲಸಿಗೆ ಒಂದು ಅಂತ ಇಟ್ಟುಕೊಳ್ಳಬಹುದು.

ಮಳೆಗಾಲದಲ್ಲಿ ಅಲಗನ್ನು ಸಂಜೆ ಒರೆಸದೆ ಇಟ್ಟರೆ ಬೆಳಗ್ಗೆ ತುಕ್ಕು. ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ಅಗಸೆ ಎಣ್ಣೆ ಮರದ ಹಿಡಿಗೆ ಒಳ್ಳೆಯದು, ಉಕ್ಕಿಗೆ ಬೇಡ, ಒಣಗಿ ಅಂಟಂಟಾಗುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ಕೊಟ್ಟಿಗೆ ಪಕ್ಕ ಹುಲ್ಲು ಇರುತ್ತದೆ, ಬಟ್ಟೆಯನ್ನು ಬಿಡಿಸಿ ಹೊರಗೆ ತಂತಿ ಮೇಲೆ ಒಣಹಾಕಿ.

ಬಾಕಿ ಇರುವ ಕುರ್ಚಿ ಕೈಗೆ ಈಗಲೇ ಏನೂ ಕೊಳ್ಳಬೇಡಿ. ಇರುವ ಶೇವ್ ಬಿಚ್ಚಿ ಸರಿ ಮಾಡಿ, ಮಸೆದು, ಹೊರಬಾಗನ್ನು ನೆತ್ತಿಯಿಂದ ಕೆಳಕ್ಕೆ ಹೆರೆಯಿರಿ. ಒಳಬಾಗನ್ನು ಆದಷ್ಟು ಅದರಲ್ಲೇ ಎರಡು ಕಡೆಯಿಂದ ಇಳಿಸಿ, ತಳ ಮುಟ್ಟದ ಬಿಗಿ ಜಾಗವನ್ನು ಅರ್ಧ ದುಂಡಿನ ಅರದಲ್ಲಿ ತಂದು ಗಾಜಿನ ಚೂರಲ್ಲಿ ಮುಗಿಸಿ. ತುದಿಯ ಅಡ್ಡಮುಖಕ್ಕೆ ನಿಮ್ಮಲ್ಲಿರುವ ಅಗಲ ಉಳಿಯನ್ನು ಚೆನ್ನಾಗಿ ಮಸೆದು, ಬೆನ್ನು ಮರಕ್ಕೆ ತಾಗಿಸಿ ಮಲಗಿಸಿ ಹಿಡಿದು ಓರೆಯಾಗಿ ಕೊಯ್ಯಿರಿ. ಅದೂ ಮಲಗಿದ ಅಲಗೇ ಅಲ್ವಾ. ಅದರಲ್ಲಿ ಅಡ್ಡಮುಖ ಹೊಳಪು ಬಂದರೆ, ಲೋ ಆ್ಯಂಗಲ್ ಶೇವ್ ನಿಮ್ಮ ಹಲಸಿನ ಅಡ್ಡಮುಖದಲ್ಲಿ ಹೇಗೆ ಕೊಯ್ಯುತ್ತದೆ ಅನ್ನುವುದು ದುಡ್ಡು ಕೊಡುವ ಮೊದಲೇ ನಿಮಗೆ ಗೊತ್ತಾಗಿರುತ್ತದೆ.